ಹಳೆಯ ರುಚಿಯ ಅನುಸ್ಮೃತಿ: ಒಂದು ವಿಚಾರ

ಪಂಚೇಂದ್ರಿಯಗಳಲ್ಲಿ ರಸನೇಂದ್ರಿಯವನ್ನು ಗೆಲ್ಲುವುದು ಬಹು ಕಷ್ಟವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕಣ್ಣನ್ನು ಮುಚ್ಚಿಕೊಳ್ಳಬಹುದು, ಬೇಡದ ಮಾತು ಕೇಳಿಬಂದ ಸ್ಥಳವನ್ನು ಬಿಟ್ಟು ಏಳಬಹುದು. ಆದರೆ ದೇಹಧಾರಣೆಗೆ ಅನ್ನ ಬೇಕೇ ಬೇಕು; ಆ ಅನ್ನವಾದರೋ ನಾಲಿಗೆಯನ್ನು ದಾಟಿಯೇ ಒಳಗೆ ಹೋಗಬೇಕು. ಬಾಹ್ಯ ತಪಸ್ಸಿನ 6 ಭೇದಗಳಲ್ಲಿ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಎಂಬ ನಾಲ್ಕು ಊಟಕ್ಕೇ ಸಂಬಂಧಿಸಿರುವುದು ಆಕಸ್ಮಿಕವಲ್ಲ. ಇಷ್ಟಾಗಿಯೂ ಎದುರಿಗಿರುವ ತಟ್ಟೆಯ ರುಚಿಯನ್ನು ಹೇಗಾದರೂ ಹಿಡಿತದಲ್ಲಿಡಬಹುದು. ಅದಕ್ಕಿಂತ ಕಠಿನವಾದದ್ದು ತಟ್ಟೆಯಲ್ಲಿ ಇಲ್ಲದ ರುಚಿ. ಮೂವತ್ತು ನಲವತ್ತು ವರ್ಷಗಳ ಹಿಂದೆ ಎಲ್ಲಿಯೋ ಉಂಡದ್ದು, ಈಗ ಮನಸ್ಸಿನಲ್ಲಿ ಮಾತ್ರ ಉಳಿದದ್ದು. ಮಿತಾಹಾರವನ್ನು ರೂಢಿಸಿಕೊಂಡು, ಸಿಹಿಯನ್ನು ಬಿಟ್ಟು, ಹಬ್ಬದಲ್ಲಿಯೂ ಎರಡು ತುತ್ತು ಕಡಿಮೆ ಉಣ್ಣುವ ಗೃಹಸ್ಥನೂ ಈ ರುಚಿಯ ಹೆಸರು ಬಂದೊಡನೆ ಮಗುವಿನಂತಾಗುವುದುಂಟು. ಇದು ಆಸಕ್ತಿಯೋ, ಕೃತಜ್ಞತೆಯೋ, ಅಥವಾ ಯೌವನವನ್ನು ಕಳೆದುಕೊಂಡ ದುಃಖವು ನಾಲಿಗೆಯ ವೇಷವನ್ನು ಧರಿಸಿ ಬಂದದ್ದೋ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ಪುಣೆ-ಹೈದರಾಬಾದ ಹೆದ್ದಾರಿಯ ಮೇಲಿನ ಮನ್ನಾಏಖೇಳ್ಳಿಯಂಥ ಊರನ್ನು ಎದುರಿಗಿಟ್ಟುಕೊಂಡರೆ ಪ್ರಶ್ನೆ ಹೆಚ್ಚು ಸ್ಪಷ್ಟವಾಗುತ್ತದೆ. ಹಿಂದೆ ಹುಮನಾಬಾದ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪಾ ತಾಲ್ಲೂಕಿಗೆ ಸೇರಿರುವ ಈ ಊರಿನಲ್ಲಿ ಬೀದರಿನ ದಾರಿ ಹೆದ್ದಾರಿಯನ್ನು ಬಂದು ಕೂಡುತ್ತದೆ. ಆ ಹೆದ್ದಾರಿಯ ಸಂಖ್ಯೆ ಹಿಂದೆ 9 ಇತ್ತು, ಈಗ 65. ಸಂಖ್ಯೆ ಯಾವುದಾದರೂ ಬಸ್ಸು ಬದಲಿಸುವವರು, ಲಾರಿಯವರು, ಬೀಜ ಗೊಬ್ಬರಕ್ಕೆ ಬಂದ ರೈತರು, ಪರ ಊರಿನಲ್ಲಿ ಓದುವ ಹುಡುಗರು ಇಂಥ ಕೂಡುರಸ್ತೆಯಲ್ಲಿ ನಿಂತೇ ಹೋಗಬೇಕು. ನಿಂತವನಿಗೆ ಹಸಿವಾಗುತ್ತದೆ, ಹಸಿವಾದಲ್ಲಿ ಖಾನಾವಳಿ ಹುಟ್ಟುತ್ತದೆ. ಈ ಸೀಮೆಯ ನಾಲಿಗೆಗೆ ಎರಡು ತವರು. ನಿಜಾಮನ ಆಳ್ವಿಕೆ 1948ರಲ್ಲಿ ಮುಗಿದು, 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದರೂ ಚಹಾದಂಗಡಿಯಲ್ಲಿ ಹೈದರಾಬಾದು ಉಳಿದುಕೊಂಡಿತು: ಗಟ್ಟಿ ಹಾಲಿನ ಇರಾಣಿ ಚಹಾ, ಅದರಲ್ಲಿ ಅದ್ದಿ ತಿನ್ನುವ ಉಸ್ಮಾನಿಯಾ ಬಿಸ್ಕೀಟು. ಊಟಕ್ಕೆ ಕುಳಿತಾಗ ಮಾತ್ರ ಜೋಳದ ರೊಟ್ಟಿಯೇ ಬೇಕು. ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ ಅಥವಾ ಝುಣಕ, ಹೆಸರುಕಾಳಿನ ಉಸಳಿ, ಶೇಂಗಾ ಹಿಂಡಿ, ಮೊಸರು, ಕೊನೆಗೆ ಒಂದು ಮುಷ್ಟಿ ಅನ್ನ. ಉಳ್ಳಾಗಡ್ಡಿ ಬೆಳ್ಳುಳ್ಳಿ ಒಲ್ಲದ ಶ್ರಾವಕನು ಕುಳಿತುಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾಗುತ್ತದೆ ಎಂಬುದನ್ನು ಬಿಟ್ಟರೆ, ಇಷ್ಟು ನಿರಾಡಂಬರವಾದ ಊಟ ಬೇರೆ ಕಡೆ ಸಿಗುವುದು ವಿರಳ.

ಖಾನಾವಳಿಯು ಹೊಟೇಲಿಗಿಂತ ಭಿನ್ನವಾದ ಸಂಸ್ಥೆ. ಹೊಟೇಲಿನಲ್ಲಿ ಬೇಕಾದದ್ದನ್ನು ಕೇಳಿ ತಿನ್ನಬಹುದು. ಖಾನಾವಳಿಯಲ್ಲಿ ಅಂದು ಮಾಡಿದ್ದನ್ನು ಉಣ್ಣಬೇಕು. ಹೊಟೇಲಿನಲ್ಲಿ ತಟ್ಟೆ ತಟ್ಟೆಗೆ ಹಣ, ಖಾನಾವಳಿಯಲ್ಲಿ ತಿಂಗಳಿನ ಲೆಕ್ಕ. ಉತ್ತರ ಕರ್ನಾಟಕದ ಎಷ್ಟೋ ಮಾಸ್ತರರು, ಗುಮಾಸ್ತರು, ವಕೀಲರು ತಮ್ಮ ವಿದ್ಯಾರ್ಥಿದೆಸೆಯಲ್ಲಿ ಈ ತಿಂಗಳ ಲೆಕ್ಕದ ಮೇಲೆ ಬದುಕಿದವರು. ಮನೆಯಿಂದ ಮನಿಯಾರ್ಡರು ತಡವಾದರೆ ಮಾಲೀಕ ವಹಿಯಲ್ಲಿ ಒಂದು ಗೆರೆ ಎಳೆದು ಸುಮ್ಮನಿರುತ್ತಿದ್ದ. ಅದು ಬಡ್ಡಿಯಿಲ್ಲದ ಉದ್ರಿ. ವ್ಯಾಪಾರದ ಶಾಸ್ತ್ರದಲ್ಲಿ ಅದಕ್ಕೆ ಸರಿಯಾದ ಹೆಸರಿಲ್ಲ.

ದೃಷ್ಟಾಂತಕ್ಕಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ಆ ಭಾಗದಲ್ಲಿ ಇಂಥವರು ನೂರಾರು ಮಂದಿ ಇರುವುದರಿಂದ ಕಲ್ಪನೆಗೆ ಹೆಚ್ಚು ಶ್ರಮ ಬೇಕಿಲ್ಲ. ಹಳ್ಳಿಯಿಂದ ಬಂದು ಬೀದರಿನಲ್ಲಿ ಓದಿದವನು. ವಾರಕ್ಕೊಮ್ಮೆ ಮನ್ನಾಏಖೇಳ್ಳಿಯಲ್ಲಿ ಬಸ್ಸು ಬದಲಿಸುವಾಗ ಒಂದು ಖಾನಾವಳಿಯಲ್ಲಿ ಉಂಡು, ಕಿಸೆಯಲ್ಲಿ ಹಣವಿಲ್ಲದಾಗ ಬರೆಸಿ ಹೋದವನು. ಆಮೇಲೆ ಪುಣೆಯ ಕಾರಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಎಳ್ಳಮಾವಾಸ್ಯೆಗೆ ಊರಿಗೆ ಹೊರಟಾಗ ಅವನು ಮಗನಿಗೆ ಹೇಳಿ ಕಾರನ್ನು ನಿಲ್ಲಿಸುತ್ತಾನೆ. ಖಾನಾವಳಿ ಅಲ್ಲಿಯೇ ಇದೆ. ಹಲಗೆಯ ಮೇಲಿನ ಹೆಸರೂ ಅದೇ. ಗಲ್ಲೆಯ ಮೇಲೆ ಕುಳಿತವನು ಅಂದಿನ ಮಾಲೀಕನ ಮಗ. ಗೃಹಸ್ಥನು ಉಂಡು, ಕೈ ತೊಳೆದು, ಹಣ ಕೊಡುವಾಗ ಹೇಳುವ ಮಾತು ಎಲ್ಲರಿಗೂ ಗೊತ್ತಿರುವಂಥದು: ಮೊದಲಿನ ರುಚಿ ಇಲ್ಲ. ನಾಲ್ಕು ಜನರ ಮುಂದೆ ಹೇಳಿದ ಆ ಮಾತಿಗೆ ಮಗ ನಗುತ್ತಾನೆ. ಏನೆಂದು ಉತ್ತರಿಸಬೇಕು ಅವನು?

ಆ ಮಾತು ನಿಜವೇ ಎಂಬುದನ್ನು ಮೊದಲು ಪರಿಶೀಲಿಸೋಣ. ರಸವು ಪುದ್ಗಲದ ಗುಣ. ಸ್ಪರ್ಶ, ಗಂಧ, ವರ್ಣಗಳಂತೆ ಅದೂ ಕ್ಷಣಕ್ಷಣಕ್ಕೆ ಪರ್ಯಾಯವನ್ನು ಪಡೆಯುತ್ತಿರುತ್ತದೆ. ಇದನ್ನು ಸಿದ್ಧಾಂತವೆಂದು ಒಪ್ಪುವವರು ಕೂಡ ಊಟದ ತಟ್ಟೆಗೆ ಅನ್ವಯಿಸುವುದನ್ನು ಮರೆಯುತ್ತಾರೆ. ಅಂದಿನ ರೊಟ್ಟಿಯ ಜೋಳ ಮನೆಯ ಹೊಲದಲ್ಲಿ ಹಿಂಗಾರಿಗೆ ಬೆಳೆದದ್ದು. ಬಹುಶಃ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ಕೆಯಾಗಿ ಈ ಕಪ್ಪು ನೆಲಕ್ಕೆಲ್ಲ ಹರಡಿದ ಮಾಲದಂಡಿ. 1964ರಲ್ಲಿ ಮೊದಲ ಹೈಬ್ರಿಡ್ ಜೋಳ ಬಿಡುಗಡೆಯಾದ ಮೇಲೆ ಇಳುವರಿ ಹೆಚ್ಚಿತು, ರೊಟ್ಟಿಯ ಮೃದುತ್ವದ ಬಗ್ಗೆ ಹೆಂಗಸರ ತಕರಾರೂ ಹೆಚ್ಚಿತು. ಈಚಿನ ದಶಕಗಳಲ್ಲಿ ಬೀದರ ಜಿಲ್ಲೆಯ ಮುಂಗಾರಿನ ಹೊಲಗಳನ್ನು ಸೋಯಾಬೀನು ತುಂಬಿಕೊಂಡಿದೆ. ಜೋಳವನ್ನು ಕೊಂಡು ತರುವ ರೈತರಿದ್ದಾರೆ. ಒಗ್ಗರಣೆಗೆ ಅಂದು ಶೇಂಗಾ ಎಣ್ಣೆ ಅಥವಾ ಕುಸುಬೆಯ ಎಣ್ಣೆ. 1994ರಲ್ಲಿ ಪಾಮೋಲಿನ್ ಆಮದು ಮುಕ್ತಗೊಂಡ ಮೇಲೆ ಅಗ್ಗದ ಊಟವನ್ನು ಮಾರುವವರ ಬಾಣಲೆಗೆ ಯಾವ ಎಣ್ಣೆ ಬಂದಿತೆಂಬುದನ್ನು ಕಿರಾಣಿ ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ. ಕಟ್ಟಿಗೆ ಕುಳ್ಳಿನ ಒಲೆ ಹೋಗಿ 19 ಕಿಲೋದ ಸಿಲಿಂಡರು ಬಂದಿತು. ಒರಳಿನಲ್ಲಿ ಕುಟ್ಟಿದ ಹಿಂಡಿ ಮಿಕ್ಸರಿಗೆ ಸಿಕ್ಕಿ ನುಣ್ಣಗಾಯಿತು.

ಇಷ್ಟೂ ಅಡುಗೆಮನೆಯ ಕಡೆಯ ಬದಲಾವಣೆ. ಉಣ್ಣುವವನ ಕಡೆ ಏನಾಯಿತೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಯಸ್ಸಾದಂತೆ ನಾಲಿಗೆಯ ಶಕ್ತಿ ಕುಂದುತ್ತದೆ, ಅದಕ್ಕಿಂತ ಹೆಚ್ಚಾಗಿ ಮೂಗಿನ ಶಕ್ತಿ ಕುಂದುತ್ತದೆ. ರುಚಿಯೆಂದು ಜನ ಹೇಳುವುದರಲ್ಲಿ ದೊಡ್ಡ ಪಾಲು ವಾಸನೆಯದೇ. ಹಲ್ಲು ಕಟ್ಟಿಸಿಕೊಂಡವನಿಗೆ ಖಡಕ್ ರೊಟ್ಟಿಯ ಸದ್ದೇ ಬೇರೆ. ರಕ್ತದೊತ್ತಡಕ್ಕೆಂದು ವೈದ್ಯರು ಉಪ್ಪನ್ನು ಕಡಿಮೆ ಮಾಡಿಸಿದ ಮೇಲೆ ಹಳೆಯ ಹದವೇ ವಿಪರೀತವೆನಿಸಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ವ್ಯಂಜನ ಅಂದು ತಟ್ಟೆಯಲ್ಲಿತ್ತು, ಇಂದು ಇಲ್ಲ. ಅದು ಹಸಿವು. ಬೆಳಿಗ್ಗೆ ಏನೂ ತಿನ್ನದೆ ಎರಡು ಬಸ್ಸು ಹತ್ತಿಳಿದ 18ರ ಹುಡುಗ ಉಂಡ ಬ್ಯಾಳಿಗೂ, ದಾರಿಯಲ್ಲಿ ಎರಡು ಕಡೆ ಚಹಾ ಕುಡಿದು ಬಂದ 60ರ ನಿವೃತ್ತ ಉಂಡ ಬ್ಯಾಳಿಗೂ ಹೆಸರು ಮಾತ್ರ ಒಂದೇ. ಹಸಿವೆಯನ್ನು ಯಾವ ಬಾಣಸಿಗನೂ ಬಡಿಸಲಾರ.

ಜೈನ ನ್ಯಾಯಶಾಸ್ತ್ರವು ಇಲ್ಲಿ ಒಂದು ಸೂಕ್ಷ್ಮ ಭೇದವನ್ನು ಒದಗಿಸುತ್ತದೆ. ಪ್ರತ್ಯಭಿಜ್ಞಾನವೆಂದರೆ ಎದುರಿಗಿರುವ ವಸ್ತುವಿನ ದರ್ಶನವೂ ಹಿಂದೆ ಕಂಡದ್ದರ ಸ್ಮರಣೆಯೂ ಕೂಡಿದಾಗ ಹುಟ್ಟುವ ಜ್ಞಾನ. ಮಾಣಿಕ್ಯನಂದಿ ಆಚಾರ್ಯರ ಪರೀಕ್ಷಾಮುಖವು ಇದನ್ನು ಪರೋಕ್ಷ ಪ್ರಮಾಣಗಳಲ್ಲಿ ಒಂದೆಂದು ಪರಿಗಣಿಸುತ್ತದೆ. ಇದು ಅದೇ ಎಂಬ ಏಕತ್ವ, ಇದು ಅದರಂತಿದೆ ಎಂಬ ಸಾದೃಶ್ಯ, ಇದು ಅದಕ್ಕಿಂತ ಭಿನ್ನ ಎಂಬ ವೈಲಕ್ಷಣ್ಯ ಮುಂತಾದ ಪ್ರಕಾರಗಳನ್ನೂ ಗುರುತಿಸುತ್ತದೆ. ಹಿಂದೆ ಕಂಡ ಮನುಷ್ಯನನ್ನು ಮತ್ತೆ ಕಂಡು ಅವನೇ ಇವನು ಎನ್ನುವುದಕ್ಕೆ ಆಧಾರವಿದೆ: ಅವನಲ್ಲಿ ದ್ರವ್ಯವೊಂದು ಉಳಿದು ಬಂದಿದೆ. ಆದರೆ ನಲವತ್ತು ವರ್ಷದ ಹಿಂದಿನ ರೊಟ್ಟಿ ಅಂದೇ ಉಂಡು ಮುಗಿಯಿತು. ಇಂದಿನ ರೊಟ್ಟಿಯೊಂದಿಗೆ ಅದಕ್ಕೆ ಏಕತ್ವ ಸಾಧ್ಯವೇ ಇಲ್ಲ, ಹೆಚ್ಚೆಂದರೆ ಸಾದೃಶ್ಯ. ಸಾದೃಶ್ಯವಿರುವಲ್ಲಿ ಏಕತ್ವವನ್ನು ನಿರೀಕ್ಷಿಸಿದವನಿಗೆ ಸಿಗುವುದು ವೈಲಕ್ಷಣ್ಯವೇ. ತನ್ನ ಜ್ಞಾನದ ಈ ದೋಷವನ್ನು ಅವನು ಅಡುಗೆಯ ದೋಷವೆಂದು ಗಲ್ಲೆಯ ಮೇಲೆ ಕುಳಿತವನ ಖಾತೆಗೆ ಹಾಕುತ್ತಾನೆ. ಲೆಕ್ಕ ತಿಳಿದವರು ಇಂಥ ನಮೂದನ್ನು ಒಪ್ಪಲಾರರು.

ಹಾಗಾದರೆ ಬೆಂಗಳೂರಿನಲ್ಲಿ 2009ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ಮುಚ್ಚಿ ಚರ್ಚ್ ಸ್ಟ್ರೀಟಿಗೆ ಹೋದಾಗ ಹಳೆಯ ಗಿರಾಕಿಗಳು ಹಿಂದೆಯೇ ಹೋದರಲ್ಲ ಎಂದು ಯಾರಾದರೂ ಕೇಳಬಹುದು. ಹೋದರು, ಆದರೆ ಗೋಡೆ ಬೇರೆ, ಕಿಟಕಿಯ ಹೊರಗಿನ ರಸ್ತೆ ಬೇರೆ ಎಂದು ತಿಳಿದೇ ಹೋದರು. ಸಾದೃಶ್ಯದಲ್ಲಿ ತೃಪ್ತನಾಗುವುದು ಸಣ್ಣ ಗುಣವಲ್ಲ.

ಇನ್ನೊಂದು ಭ್ರಮೆಯೂ ಇಲ್ಲಿ ಬೆರೆತಿದೆ. ಹಳೆಯ ರುಚಿಯೆಂದರೆ ಅನಾದಿ ರುಚಿ, ತಲತಲಾಂತರದಿಂದ ಬಂದ ಶುದ್ಧ ರುಚಿ ಎಂಬ ಭಾವನೆ ಅದು. ಬಸವಕಲ್ಯಾಣವು ಮನ್ನಾಏಖೇಳ್ಳಿಯಿಂದ ಬಹಳ ದೂರವೇನಲ್ಲ. 12ನೆಯ ಶತಮಾನದಲ್ಲಿ ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅನ್ನಭೋಗದ ಪ್ರಕರಣವಿದೆ. ಅಲ್ಲಿ ಉದ್ದಿನಿಂದ ಮಾಡುವ ಇಡ್ಡರಿಕೆಯ ವರ್ಣನೆ ಬರುತ್ತದೆ. ಅದಕ್ಕೂ ಹಿಂದೆ, 10ನೆಯ ಶತಮಾನದ ಜೈನ ಗದ್ಯಕೃತಿ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಈ ಅಡುಗೆಗಳಲ್ಲಿ ಖಾರಕ್ಕೆ ಕಾಳುಮೆಣಸು ಇದ್ದಿರಬಹುದೇ ಹೊರತು ಮೆಣಸಿನಕಾಯಿ ಇರಲು ಸಾಧ್ಯವಿಲ್ಲ. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೆಟೊ ಈ ನಾಲ್ಕೂ ಅಮೆರಿಕ ಖಂಡದ ಮೂಲದವು; ಪೋರ್ಚುಗೀಸರು ಸಮುದ್ರಮಾರ್ಗವನ್ನು ಕಂಡುಕೊಂಡ ಮೇಲೆಯೇ ಇತ್ತ ಬಂದವು. ಮಳಖೇಡದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಪಂಕ್ತಿಯಲ್ಲಿ ಶೇಂಗಾ ಹಿಂಡಿ ಬಡಿಸಿರಲಾರರು. ಇಂದು ಹೈದರಾಬಾದ ಕರ್ನಾಟಕದ ಪ್ರಾಣವೆನಿಸಿರುವ ಹಿಂಡಿ ಒಂದು ಕಾಲಕ್ಕೆ ಹೊಸದಾಗಿತ್ತು. ಅದನ್ನು ಮೊದಲ ಸಲ ರೊಟ್ಟಿಗೆ ಹಚ್ಚಿಕೊಂಡ ಮುದುಕನು ಮೊದಲಿನ ರುಚಿ ಇಲ್ಲವೆಂದು ಗೊಣಗಿರಲೂಬಹುದು.

ಮಾವಳ್ಳಿ ಟಿಫಿನ್ ರೂಮಿನ ರವೆ ಇಡ್ಲಿಯನ್ನು ಬೆಂಗಳೂರಿನ ಹಿರಿಯರು ಎಷ್ಟು ಭಕ್ತಿಯಿಂದ ನೆನೆಯುತ್ತಾರೆ! ಅದು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಕ್ಕಿಯ ಅಭಾವಕ್ಕೆ ಪರಿಹಾರವಾಗಿ, ಎಂದು ಆ ಸಂಸ್ಥೆಯವರೇ ಹೇಳುತ್ತ ಬಂದಿದ್ದಾರೆ. ದೂರದ ದೃಷ್ಟಾಂತವೂ ಇದನ್ನೇ ಹೇಳುತ್ತದೆ. 1880ರಿಂದ 1920ರ ದಶಕದ ಆರಂಭದವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಅಮೆರಿಕಕ್ಕೆ ವಲಸೆ ಹೋದರು, ಬಹುಪಾಲು ದಕ್ಷಿಣ ಇಟಲಿಯ ಬಡವರು. ಅಲ್ಲಿನ ಓಣಿಗಳಲ್ಲಿ ಅವರು ತೆರೆದ ಅಗ್ಗದ ಊಟದ ಮನೆಗಳಲ್ಲಿ ಟೊಮೆಟೊ ಸಾರು, ಗಿಣ್ಣು, ಶ್ಯಾವಿಗೆಗಳ ಯಥೇಚ್ಛ ಮೇಳವೊಂದು ತಯಾರಾಯಿತು. ಬಿಟ್ಟು ಬಂದ ಹಳ್ಳಿಯಲ್ಲಿ ಅಷ್ಟು ಧಾರಾಳವಾಗಿ ಉಣ್ಣುವ ಶಕ್ತಿ ಅವರಿಗಿರಲಿಲ್ಲ. ಆ ಊಟ ಆ ರೂಪದಲ್ಲಿ ತವರಿನಲ್ಲಿ ಇರಲೂ ಇಲ್ಲ. ಆದರೂ ಮೊಮ್ಮಕ್ಕಳು ಇಂದು ಆ ಓಣಿಯ ಅಂಗಡಿಯನ್ನು ಹುಡುಕಿಕೊಂಡು ಹೋಗಿ ಅಜ್ಜಿಯ ಊರಿನ ರುಚಿಯೆಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಕಣ್ಣೀರು ಸುಳ್ಳಲ್ಲ. ಅದಕ್ಕೆ ಕೊಟ್ಟ ಕಾರಣ ಮಾತ್ರ ಅಷ್ಟೊಂದು ನಿಜವಲ್ಲ.

ಈಗ ಆಚಾರದ ಪ್ರಶ್ನೆಗೆ ಬರಬಹುದು. ಭೋಗೋಪಭೋಗ ಪರಿಮಾಣ ವ್ರತದ ಅತಿಚಾರಗಳನ್ನು ಇಬ್ಬರು ಆಚಾರ್ಯರು ಎರಡು ಬಗೆಯಾಗಿ ಎಣಿಸಿರುವುದು ಗಮನಾರ್ಹ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಎಣಿಕೆ ವಸ್ತುವಿನ ಕಡೆಗಿದೆ: ಸಚಿತ್ತವಾದದ್ದು, ಸಚಿತ್ತದೊಂದಿಗೆ ಬೆರೆತದ್ದು, ಸರಿಯಾಗಿ ಬೇಯದ್ದು ಇತ್ಯಾದಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯಾದರೋ ಐದಕ್ಕೆ ಐದೂ ಮನಸ್ಸಿನ ಕಡೆಗಿವೆ. ಅವುಗಳಲ್ಲಿ ಒಂದರ ಹೆಸರೇ ಅನುಸ್ಮೃತಿ, ಅಂದರೆ ಹಿಂದೆ ಅನುಭವಿಸಿದ ಭೋಗವನ್ನು ಮತ್ತೆ ಮತ್ತೆ ನೆನೆದು ಸವಿಯುವುದು. ತಟ್ಟೆ ಎದುರಿಗಿಲ್ಲ, ತುತ್ತು ಬಾಯಿಗೆ ಹೋಗಿಲ್ಲ, ಪರಿಮಾಣದ ಲೆಕ್ಕ ಒಂದಿಷ್ಟೂ ಮೀರಿಲ್ಲ. ಆದರೂ ವ್ರತ ಮಾಸಿತು. ಇಷ್ಟು ಕಟ್ಟುನಿಟ್ಟಾದ ಮಾತನ್ನು ಓದಿದವರು ಖಾನಾವಳಿಯ ಮುಂದೆ ಕಾರು ನಿಲ್ಲಿಸಿದ ಗೃಹಸ್ಥನನ್ನು ಅತಿಚಾರಿಯೆಂದು ಕೂಡಲೇ ತೀರ್ಮಾನಿಸಬಹುದು.

ತೀರ್ಮಾನ ಅಷ್ಟು ಸುಲಭವಲ್ಲ. ಸ್ಮೃತಿಯು ಮತಿಜ್ಞಾನದ ಒಂದು ರೂಪ; ಅದಿಲ್ಲದೆ ಮಾಡಿದ ದೋಷದ ಆಲೋಚನೆಯೂ ಇಲ್ಲ, ಪಡೆದ ಉಪಕಾರದ ನೆನಪೂ ಇಲ್ಲ. ಪ್ರತಿಕ್ರಮಣವು ನಿಂತಿರುವುದೇ ನೆನಪಿನ ಮೇಲೆ. ಆಚಾರ್ಯರು ನಿಷೇಧಿಸಿದ್ದು ನೆನಪನ್ನಲ್ಲ, ನೆನಪನ್ನು ಭೋಗವಾಗಿ ಮಾಡಿಕೊಳ್ಳುವುದನ್ನು. ಎರಡಕ್ಕೂ ಗಡಿ ಎಲ್ಲಿ? ನೆನಪು ನಾಲಿಗೆಯ ಬಳಿಗೆ ಹೋಗಿ ನಿಂತರೆ ಅದು ಅನುಸ್ಮೃತಿ; ನಾಲಿಗೆಯನ್ನು ದಾಟಿ ಬಡಿಸಿದ ಕೈಯವರೆಗೆ ಹೋದರೆ ಅದಕ್ಕೆ ಬೇರೆ ಹೆಸರನ್ನು ಕೊಡಬೇಕಾಗುತ್ತದೆ. ಆ ಗೃಹಸ್ಥನ ಎಷ್ಟೋ ಊಟಗಳು ಅವನ ಮನಸ್ಸಿನಿಂದ ಅಳಿಸಿಹೋಗಿವೆ. ಪುಣೆಯಲ್ಲಿ ಇದಕ್ಕಿಂತ ಹತ್ತು ಪಾಲು ಬೆಲೆಯ ಊಟಗಳನ್ನು ಉಂಡಿದ್ದಾನೆ, ಒಂದೂ ನೆನಪಿಲ್ಲ. ಈ ಬ್ಯಾಳಿ ಮಾತ್ರ ಏಕೆ ಉಳಿಯಿತು? ಹಣವಿಲ್ಲದ ದಿನ ಬಡಿಸಿದ್ದರಿಂದ ಉಳಿಯಿತು ಎನ್ನುವುದೇ ಸರಿಯಾದ ಉತ್ತರವಿರಬೇಕು. ಅವನು ರುಚಿಯೆಂದು ತಿಳಿದು ಹುಡುಕುತ್ತಿರುವುದು ಆ ವಹಿಯ ಗೆರೆಯನ್ನು.

ಇದನ್ನು ಗುರುತಿಸದಿದ್ದರೆ ಆಗುವ ಹಾನಿ ಅವನ ಆತ್ಮಕ್ಕೆ ಮಾತ್ರ ಸೀಮಿತವಲ್ಲ. ಹಳೆಯ ರುಚಿಯನ್ನು ಬೇಡುವವನು ಸಾಮಾನ್ಯವಾಗಿ ಹಳೆಯ ಬೆಲೆಯನ್ನೂ ಬೇಡುತ್ತಾನೆ. ಅಂದು ಇಷ್ಟಕ್ಕೆ ಹೊಟ್ಟೆತುಂಬ ಸಿಗುತ್ತಿತ್ತು ಎಂಬ ಮಾತು ಮೊದಲಿನ ರುಚಿ ಇಲ್ಲವೆಂಬ ಮಾತಿನ ಅವಳಿ. ಶೇಂಗಾ ಎಣ್ಣೆ, ಹಿಂಗಾರಿ ಜೋಳ, ಕಟ್ಟಿಗೆಯ ಒಲೆ, ಕುಟ್ಟುವ ಕೈ ಇವೆಲ್ಲ ಬೇಕು, ಬೆಲೆ ಮಾತ್ರ ಏರಬಾರದು ಎಂದರೆ ನಡುವಿನ ಅಂತರವನ್ನು ಯಾರೋ ಒಬ್ಬರು ತುಂಬಲೇಬೇಕು. ತುಂಬುವವನು ಮಾಲೀಕನಾಗಿರಬಹುದು, ಹೆಚ್ಚಾಗಿ ಅವನ ಕೈಕೆಳಗೆ ದುಡಿಯುವವರು. 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮಿನವರು 1975-77ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ಇಳಿಸಿದಾಗ ಪದಾರ್ಥದ ಗುಣವನ್ನು ಇಳಿಸಲು ಒಪ್ಪದೆ ನಷ್ಟದಲ್ಲಿ ನಡೆಸಿದರು, ಆ ನಷ್ಟವನ್ನು ಫಲಕದ ಮೇಲೆ ಬರೆದು ತೋರಿಸಿದರು ಎಂಬುದು ಪ್ರಸಿದ್ಧ ವೃತ್ತಾಂತ. ಕಡೆಗೆ ಊಟದ ಮನೆಯನ್ನು ಕೆಲವು ವರ್ಷ ಮುಚ್ಚಬೇಕಾಯಿತು. ಸಿದ್ಧ ಮಿಶ್ರಣಗಳ ವ್ಯಾಪಾರ ಕೈಹಿಡಿದದ್ದರಿಂದ ಅವರು ಉಳಿದರು. ಕೂಡುರಸ್ತೆಯ ಖಾನಾವಳಿಗೆ ಅಂಥ ಎರಡನೆಯ ದಾರಿ ಇರುವುದಿಲ್ಲ. 2017ರಲ್ಲಿ ಪ್ರಾರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟವೆಂದು ನಿಗದಿಯಾದಾಗ ಉಳಿದ ಖರ್ಚನ್ನು ಬೊಕ್ಕಸ ಹೊತ್ತಿತು. ಅಗ್ಗದ ಊಟದ ಹಿಂದೆ ಯಾವಾಗಲೂ ಒಂದು ಹೆಗಲಿರುತ್ತದೆ. ಗಿರಾಕಿಯ ಚೌಕಾಶಿ ಆ ಹೆಗಲನ್ನು ಕಾಣದೆ ಮಾಡಿದ್ದಾದರೂ ಭಾರ ಬೀಳುವುದು ಅಲ್ಲಿಗೇ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ, ಅದನ್ನು ವ್ಯಾಪಾರಿಗಳೇ ಚೆನ್ನಾಗಿ ಬಲ್ಲರು. ಗಿರಾಕಿಗಳಲ್ಲಿ ಎರಡು ಬಗೆ: ಹಸಿವಿನ ಗಿರಾಕಿ, ನೆನಪಿನ ಗಿರಾಕಿ. ಮೊದಲಿನವನು ದಿನವೂ ಬರುತ್ತಾನೆ, ಕಡಿಮೆ ಕೊಡುತ್ತಾನೆ. ಎರಡನೆಯವನು ವರ್ಷಕ್ಕೊಮ್ಮೆ ಬರುತ್ತಾನೆ, ಕೇಳಿದ್ದನ್ನು ಕೊಡುತ್ತಾನೆ. ನೆನಪಿನ ಗಿರಾಕಿಗಳು ಹೆಚ್ಚಾದರೆ ಅಂಗಡಿಯ ಮುಖ ಅವರ ಕಡೆಗೆ ತಿರುಗುವುದು ಸಹಜ. ಗೋಡೆಗೆ ಬಿದಿರಿನ ತಡಿಕೆ ಬರುತ್ತದೆ, ಎತ್ತಿನ ಗಾಡಿಯ ಗಾಲಿ ತೂಗುತ್ತದೆ, ಹಳ್ಳಿಯ ಊಟವೆಂಬ ಹಲಗೆ ಏರುತ್ತದೆ, ಹಳ್ಳಿಯವನು ಮಾತ್ರ ಹೊರಗೆ ನಿಲ್ಲುತ್ತಾನೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ತೆರೆದ ವಿದ್ಯಾರ್ಥಿ ಭವನವು ಇಂದಿಗೂ ಸರಳವಾಗಿಯೇ ಉಳಿದಿರುವುದು ಆ ಊರಿನ ಪುಣ್ಯ. ಆದರೆ ಅಲ್ಲಿಯೂ ಬಾಗಿಲಲ್ಲಿ ಕಾಯುವವರಲ್ಲಿ ಹಸಿದು ಬಂದವರೆಷ್ಟು, ನೆನೆದು ಬಂದವರೆಷ್ಟು ಎಂದು ಎಣಿಸಿ ನೋಡಬಹುದು. ಮನ್ನಾಏಖೇಳ್ಳಿಯಲ್ಲಿ ಇಂದು ಬಸ್ಸು ಬದಲಿಸುವ ಹುಡುಗನಿಗೆ ರೊಟ್ಟಿಯ ಬೆಲೆ ನಿಲುಕದೆ ಹೋದರೆ, ನಲವತ್ತು ವರ್ಷದ ಮೇಲೆ ನೆನೆಸಿಕೊಳ್ಳಲು ಅವನಿಗೆ ಏನೂ ಇರುವುದಿಲ್ಲ. ಒಬ್ಬನ ನೆನಪು ಇನ್ನೊಬ್ಬನ ಊಟವನ್ನು ಕಿತ್ತುಕೊಳ್ಳುವುದು ಸೂಕ್ಷ್ಮವಾದ ಹಿಂಸೆಯೇ ಸರಿ.

ಇಲ್ಲೊಂದು ಆಕ್ಷೇಪಕ್ಕೆ ಅವಕಾಶವಿದೆ. ಕೃತಜ್ಞತೆಯೆಂಬುದು ನಾಲಿಗೆಯು ಹೂಡುವ ವಾದವಲ್ಲವೇ? ಮನಸ್ಸು ಒಳ್ಳೆಯ ವಕೀಲ. ತನಗೆ ಬೇಕಾದದ್ದಕ್ಕೆ ಧರ್ಮದ ಹೆಸರನ್ನು ಹುಡುಕಿ ಕೊಡುವುದರಲ್ಲಿ ನಿಷ್ಣಾತ. ಮಾಲೀಕನ ನೆನಪಿಗಾಗಿ ಹೋಗುತ್ತೇನೆಂದು ಹೇಳಿ ಎರಡು ಬಟ್ಟಲು ಝುಣಕ ಮುಗಿಸಿ ಬರುವವರು ಇದ್ದಾರೆ. ಆಕ್ಷೇಪ ಬಲವಾದದ್ದು, ತಳ್ಳಿಹಾಕುವಂಥದಲ್ಲ. ಪರೀಕ್ಷೆಗೆ ಒಂದು ದಾರಿಯಿದೆ. ಆ ಗೃಹಸ್ಥನು ಚತುರ್ದಶಿಯ ಉಪವಾಸದಲ್ಲಿರುವ ದಿನವೇ ಕಾರು ಆ ಕೂಡುರಸ್ತೆಯನ್ನು ದಾಟುತ್ತದೆಂದು ಭಾವಿಸಬಹುದು. ಅಂದು ಅವನು ಇಳಿಯುತ್ತಾನೆಯೇ? ಉಣ್ಣಲು ಏನೂ ಇಲ್ಲದಾಗ, ಗಲ್ಲೆಯ ಮೇಲಿನ ಹುಡುಗನನ್ನು ಮಾತಾಡಿಸಿ, ತಂದೆ ಇದ್ದಾರೆಯೇ ಎಂದು ಕೇಳಲು ಇಳಿಯುತ್ತಾನೆಯೇ? ಇಳಿದರೆ ಅವನ ನೆನಪಿನ ಜಾತಿ ಯಾವುದೆಂದು ಅವನಿಗೇ ತಿಳಿಯುತ್ತದೆ. ಇಳಿಯದೆ ಮುಂದೆ ಹೋದರೂ ತಿಳಿಯುತ್ತದೆ.

ಉಪವಾಸವಿಲ್ಲದ ದಿನ ಉಂಡರೆ ತಪ್ಪೆಂದು ಇದರ ಅರ್ಥವಲ್ಲ. ಹಗಲಿರುವಾಗ, ನಿಯಮಕ್ಕೆ ಒಪ್ಪುವಷ್ಟನ್ನು, ಇದು ಅದರಂತಿದೆ ಎಂಬ ತಿಳಿವಿನಿಂದ ಉಣ್ಣುವವನಿಗೆ ಅತಿಚಾರವನ್ನು ಹೊರಿಸುವುದು ಅತಿಯಾಗುತ್ತದೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5, ಮಳೆಗಾಲದಲ್ಲಿ 3 ಎಂದು ಮರ್ಯಾದೆಯನ್ನು ಇಟ್ಟ ಹಿರಿಯರು, ರಸ ಚಲಿಸಿದ್ದನ್ನು ಉಣ್ಣಬಾರದೆಂದು ವಿಧಿಸಿದರು. ನಲವತ್ತು ವರ್ಷ ಕಟ್ಟಿಟ್ಟ ರುಚಿಯಂತೂ ಚಲಿಸಿಯೇ ಇರುತ್ತದೆ. ಅದನ್ನು ಬಿಚ್ಚಿ ಇಂದಿನ ತಾಜಾ ರೊಟ್ಟಿಯ ಪಕ್ಕದಲ್ಲಿ ಬಡಿಸಿಕೊಳ್ಳದಿದ್ದರೆ ಸಾಕು. ಇನ್ನು ಉದ್ರಿಯ ವಿಷಯ. ಹಣದ ಬಾಕಿಯನ್ನು ಅವನು ಅಂದೇ ತೀರಿಸಿರಬಹುದು, ತೀರಿಸಿರಬೇಕು. ತೀರದೆ ಉಳಿದದ್ದು ಕಾದ ತಾಳ್ಮೆಯ ಬಾಕಿ. ಅದನ್ನು ಮೂಲ ಸಾಲಗಾರನಿಗೆ ಮರಳಿಸಲು ಬರುವುದಿಲ್ಲ, ಆತ ಇಲ್ಲ. ಆದರೆ ಅದೇ ಖಾನಾವಳಿಯಲ್ಲಿ ಇಂದು ತಿಂಗಳ ಲೆಕ್ಕ ಬರೆಸಿದ ಹುಡುಗರಿದ್ದಾರೆ. ಹೆಸರು ಹೇಳದೆ ಒಬ್ಬನ ಒಂದು ತಿಂಗಳ ಗೆರೆಯನ್ನು ಹೊಡೆದು ಹಾಕಿಸಿ ಬರುವುದು ದೊಡ್ಡ ದಾನವೇನಲ್ಲ. ಪುಣೆಯಿಂದ ಬಂದು ಹೋಗುವ ಕಾರಿನ ಡೀಸೆಲ್ಲಿಗಿಂತ ಕಡಿಮೆ ಆದೀತು.

ಗಲ್ಲೆಯ ಮೇಲಿನ ಹುಡುಗನು ನಗುವುದಕ್ಕೆ ಇನ್ನೊಂದು ಕಾರಣವಿದೆ. ರುಚಿಯನ್ನು ಹೊಗಳುವವರೂ ತೆಗಳುವವರೂ ಮಾತಾಡುವುದು ಅವನೊಂದಿಗೆ. ರುಚಿಯನ್ನು ಮಾಡಿದವರು ಅವನಲ್ಲ. ಅಂದಿಗೂ ಇಂದಿಗೂ ಖಾನಾವಳಿಯ ರೊಟ್ಟಿ ಹೆಂಗಸರ ಕೈಯದು. ಕುದಿಯುವ ನೀರನ್ನು ಹಿಟ್ಟಿಗೆ ಹಾಕಿ, ನಾದಿ, ಕಲ್ಲಿನ ಮೇಲೆ ಅಂಗೈಯಿಂದ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ತಿರುವಿ ಹಾಕುವ ಈ ಕೆಲಸದಲ್ಲಿ ಒಬ್ಬಳ ರೊಟ್ಟಿಯಂತೆ ಇನ್ನೊಬ್ಬಳದು ಆಗುವುದಿಲ್ಲ. ಗೃಹಸ್ಥನು ಮೊದಲಿನ ರುಚಿಯೆಂದು ಹೇಳುವುದು ವಸ್ತುತಃ ಅಂದು ಒಳಗೆ ಕುಳಿತಿದ್ದ ಒಬ್ಬ ಹೆಂಗಸಿನ ಅಂಗೈಯನ್ನು. ಅವಳ ಹೆಸರನ್ನು ಅವನು ಅಂದು ಕೇಳಲಿಲ್ಲ. ಈಚೆಗೆ ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಖಡಕ್ ರೊಟ್ಟಿಗೆ ತಮ್ಮ ಊರಿನ ಹೆಸರನ್ನೇ ಇಟ್ಟು ಮಾರುತ್ತಿದ್ದಾರೆ, ಲಾಭ ಅವರ ಸಂಘಗಳಿಗೇ ಸೇರುತ್ತದೆ. ಕೂಡುರಸ್ತೆಯ ಖಾನಾವಳಿಗಳಲ್ಲಿ ಪದ್ಧತಿ ಇನ್ನೂ ಹಳೆಯದೇ: ಬೆಳಿಗ್ಗೆ ಬಂದು ಒಲೆಯ ಮುಂದೆ ಕುಳಿತವರು ಮಧ್ಯಾಹ್ನದ ಬಸ್ಸುಗಳು ಹೋದ ಮೇಲೆ ಏಳುತ್ತಾರೆ, ಉಳಿದ ರೊಟ್ಟಿಯಲ್ಲಿ ಎರಡನ್ನು ಸೆರಗಿಗೆ ಕಟ್ಟಿಕೊಂಡು ಹಿಂದಿನ ಬಾಗಿಲಿನಿಂದ ಹೋಗುತ್ತಾರೆ.